ಡಾಕ್ಟರ್ ಸೀಟಿನ ಅರ್ಹತೆ: ಒಂದನೇ ತರಗತಿಯಿಂದ ನೀಟ್‌ವರೆಗೆ ತೆಂಗು ಸೀಮೆಯ ಪೋಷಕರು ತಿಳಿದಿರಬೇಕಾದ ಲೆಕ್ಕ

ಪ್ರತಿ ವರ್ಷ ನೀಟ್ ಫಲಿತಾಂಶ ಬರುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಾಡಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳಿಗೆ ತಂದೆ ತಾಯಂದಿರ ಓಡಾಟ ಜೋರಾಗುತ್ತದೆ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪತ್ರ ಎಲ್ಲವೂ ಒಂದೇ ವಾರದಲ್ಲಿ ಬೇಕು. ಕಾಗದಕ್ಕಾಗಿ ಅಲೆದಾಗಲೇ ಎಷ್ಟೋ ಮನೆಗಳಿಗೆ ಗೊತ್ತಾಗುವುದು, ಮಗು ಐದನೇ ತರಗತಿಯಲ್ಲಿ ಶಾಲೆ ಬದಲಿಸಿದ್ದರಿಂದ ಒಂದು ಮೀಸಲು ಕೈತಪ್ಪಿದೆ ಎಂದು. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟಿದ್ದರಿಂದ ಆ ವರ್ಷದ ವೈದ್ಯಕೀಯ ಸೀಟಿನ ಬಾಗಿಲೇ ಮುಚ್ಚಿತ್ತು ಎಂಬುದು ಇನ್ನು ಕೆಲವರಿಗೆ ಆಗ ತಿಳಿಯುತ್ತದೆ.

ವೈದ್ಯಕೀಯ ಸೀಟಿನ ಅರ್ಹತೆ ನೀಟ್ ಬರೆಯುವ ದಿನ ಹುಟ್ಟುವುದಲ್ಲ. ಮಗು ಯಾವ ಊರಿನಲ್ಲಿ, ಯಾವ ಮಾಧ್ಯಮದಲ್ಲಿ, ಯಾವ ವಿಷಯ ಓದಿತು ಎಂಬುದು ಹನ್ನೆರಡು ವರ್ಷಗಳಲ್ಲಿ ಕೂಡುತ್ತಾ ಬರುವ ಲೆಕ್ಕ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿಯೇ ಉಂಡೆ ಕೊಬ್ಬರಿಯಾಗುವಂತೆ, ಈ ಅರ್ಹತೆಯೂ ಕೊನೆಯ ವಾರದ ಆತುರಕ್ಕೆ ಸಿಗುವುದಿಲ್ಲ. ಅಂಕ ತರುವುದು ಮಗುವಿನ ಕೆಲಸ, ಕಾಗದ ಕಾಯುವುದು ಮನೆಯವರ ಕೆಲಸ. ಈ ಎರಡನೆಯ ಕೆಲಸಕ್ಕೆ ನೆರವಾಗಲೆಂದು ಈ ಲೇಖನ.

ಕ್ರೆಡಿಟ್ ಎಂಬುದು ನಮಗೆ ಅನ್ವಯಿಸುತ್ತದೆಯೇ?

ಅಮೆರಿಕದಲ್ಲಿ ನೆಲೆಸಿರುವ ನೆಂಟರ ಬಾಯಲ್ಲಿ ‘ಕ್ರೆಡಿಟ್’, ಅಂದರೆ ಕಾಲೇಜಿನಲ್ಲಿ ಓದಿದ ಪಾಠದ ಅಳತೆ, ಎಂಬ ಮಾತು ಬರುತ್ತದೆ. ಅಲ್ಲಿ ಮೆಡಿಕಲ್ ಸ್ಕೂಲ್ ಸೇರುವುದು ಪದವಿಯ ನಂತರ. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರೊಳಗೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯ ಸಮೇತ ತಲಾ ಒಂದು ವರ್ಷ, ಅಂದರೆ ಸುಮಾರು 8 ಕ್ರೆಡಿಟ್‌ನಷ್ಟು, ಓದಿರಬೇಕೆಂದು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇರೆ.

ಭಾರತದಲ್ಲಿ ಎಂಬಿಬಿಎಸ್ ಪ್ರವೇಶಕ್ಕೆ ಕ್ರೆಡಿಟ್ ಲೆಕ್ಕವಿಲ್ಲ. ಇಲ್ಲಿ ನೋಡುವುದು ಪಿಯುಸಿ ವಿಷಯಗಳು, ಅವುಗಳ ಅಂಕ, ನೀಟ್ ಅಂಕ, ಮತ್ತು ರಾಜ್ಯದ ಕೋಟಾಕ್ಕೆ ಓದಿದ ವರ್ಷಗಳು. ಬಿ.ಎಸ್ಸಿ. ಓದುತ್ತಿರುವವರು ನೀಟ್ ಬರೆಯಬಹುದು. ಆದರೆ ಬಿ.ಎಸ್ಸಿ.ಯಲ್ಲಿ ಗಳಿಸಿದ ಕ್ರೆಡಿಟ್ ಎಂಬಿಬಿಎಸ್‌ಗೆ ವರ್ಗವಾಗುವುದಿಲ್ಲ, ಅಲ್ಲಿ ಮತ್ತೆ ಮೊದಲ ವರ್ಷದಿಂದಲೇ ಆರಂಭ. ಎಂಬಿಬಿಎಸ್ ಎಂದರೆ 54 ತಿಂಗಳ ಓದು, ಮೇಲೆ 12 ತಿಂಗಳ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ.

ಪಿಯುಸಿ: ಯಾವ ವಿಷಯ, ಎಷ್ಟು ಅಂಕ

ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಕಾಂಬಿನೇಷನ್ ಆರಿಸುವ ದಿನವೇ ಮೊದಲ ದೊಡ್ಡ ತೀರ್ಮಾನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು, ಜೊತೆಗೆ ಇಂಗ್ಲಿಷ್ ಇರಬೇಕು. ಜೀವಶಾಸ್ತ್ರದ ಬದಲು ಜೈವಿಕ ತಂತ್ರಜ್ಞಾನ ಓದಿದ್ದರೂ ನಡೆಯುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವ ಪಿಸಿಎಂಬಿ ಈ ಎಲ್ಲಕ್ಕೂ ಹೊಂದುತ್ತದೆ. ಪಿಸಿಎಂಸಿ, ಪಿಸಿಎಂಇ ಆರಿಸಿದರೆ ಜೀವಶಾಸ್ತ್ರ ಇರುವುದಿಲ್ಲ. ಎಂಜಿನಿಯರಿಂಗ್‌ಗೆ ಅದು ಸರಿ, ಮೆಡಿಕಲ್‌ಗೆ ಸಾಲದು. ‘ಆಮೇಲೆ ನೋಡೋಣ’ ಎಂದು ಇಲ್ಲಿ ಮುಂದೂಡಬೇಡಿ. ಹಾಗೆ ಜೀವಶಾಸ್ತ್ರ ಬಿಟ್ಟವರಿಗೂ ಒಂದು ದಾರಿ ಉಳಿದಿದೆ. 12ನೇ ತರಗತಿ ಮುಗಿಸಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ಅರ್ಹರು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿದೆ. ದಾರಿ ಇದೆ ನಿಜ, ಆದರೆ ಸಮಯ ಹೆಚ್ಚು ಹಿಡಿಯುತ್ತದೆ.

ಇನ್ನು ಅಂಕ. ಪಿಯುಸಿ ಪಾಸಾದರೆ ಸಾಲದು. ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಬೇರೆ ಬೇರೆಯಾಗಿ ಪಾಸು ಮಾಡಿ, ಮೂರೂ ಕೂಡಿ ಸಾಮಾನ್ಯ ವರ್ಗದವರು ಶೇ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ಪ್ರವರ್ಗದವರು ಶೇ 40, ಸಾಮಾನ್ಯ ವರ್ಗದ ಅಂಗವಿಕಲರು ಶೇ 45 ಪಡೆಯಬೇಕು. ಕರ್ನಾಟಕ ಪಿಯುಸಿಯಲ್ಲಿ ಈ ಒಂದೊಂದು ವಿಷಯಕ್ಕೂ ಪ್ರಯೋಗ ಸೇರಿ 100 ಅಂಕ. ಆದ್ದರಿಂದ 300ಕ್ಕೆ ಕ್ರಮವಾಗಿ 150, 120, 135 ಬೇಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಸಾಮಾನ್ಯ ವರ್ಗದ ಹುಡುಗನೊಬ್ಬನಿಗೆ ಕನ್ನಡದಲ್ಲಿ 95, ಇಂಗ್ಲಿಷ್‌ನಲ್ಲಿ 80, ಗಣಿತದಲ್ಲಿ 70 ಬಂದಿದೆ. ಭೌತಶಾಸ್ತ್ರದಲ್ಲಿ 38, ರಸಾಯನದಲ್ಲಿ 50, ಜೀವಶಾಸ್ತ್ರದಲ್ಲಿ 61. ಒಟ್ಟು ಫಲಿತಾಂಶ ಪ್ರಥಮ ದರ್ಜೆ. ಆದರೆ ಮೂರು ವಿಜ್ಞಾನ ವಿಷಯಗಳು ಕೂಡಿ 149. ಒಂದೇ ಅಂಕ ಕಡಿಮೆ. ನೀಟ್‌ನಲ್ಲಿ ಎಷ್ಟೇ ಒಳ್ಳೆಯ ಅಂಕ ಬಂದರೂ ಅವನು ಅನರ್ಹ. ಭಾಷೆ, ಗಣಿತದ ಅಂಕ ಇಲ್ಲಿ ಕೈಹಿಡಿಯುವುದಿಲ್ಲ. ಈಗ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಗಡಿಯಲ್ಲಿರುವ ಮಕ್ಕಳು ಈ ಅವಕಾಶ ಬಿಡಬಾರದು. ನೀಟ್ ತಯಾರಿಯ ಭರದಲ್ಲಿ ‘ಬೋರ್ಡ್ ಪರೀಕ್ಷೆ ಹೇಗೋ ಆಗುತ್ತೆ’ ಎಂದುಕೊಳ್ಳುವ ಮಕ್ಕಳಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ.

ನೀಟ್: ಅರ್ಹತೆ ಬೇರೆ, ಸೀಟು ಬೇರೆ

ನೀಟ್ ಬರೆಯಲು ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿ ಈಗಿಲ್ಲ, ಇಷ್ಟೇ ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. 2025ರ ಪರೀಕ್ಷೆಯಲ್ಲಿದ್ದಂತೆ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಆರಿಸಿದವರಿಗೆ ಇಂಗ್ಲಿಷ್ ಪಠ್ಯವೂ ಜೊತೆಯಲ್ಲೇ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಠ್ಯವೇ ಅಂತಿಮ. ಪಿಯುಸಿ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಓದಿದ ಮಗು ಯಾವುದರಲ್ಲಿ ಬರೆಯಬೇಕು ಎಂಬುದನ್ನು ಹಳೆಯ ಪತ್ರಿಕೆಗಳನ್ನು ಎರಡೂ ಭಾಷೆಯಲ್ಲಿ ಬಿಡಿಸಿ ನೋಡಿ ನಿರ್ಧರಿಸುವುದು ಒಳ್ಳೆಯದು. ಕನ್ನಡ ಮಾಧ್ಯಮ ಮೀಸಲಿಗೂ ನೀಟ್ ಬರೆಯುವ ಭಾಷೆಗೂ ಸಂಬಂಧವಿಲ್ಲ.

‘ನೀಟ್ ಕ್ವಾಲಿಫೈ ಆಗಿದ್ದಾಳೆ’ ಎಂಬ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 144 ಇತ್ತು. ಅದು ಕೌನ್ಸೆಲಿಂಗ್‌ಗೆ ಕಾಲಿಡುವ ಅನುಮತಿ ಮಾತ್ರ. ಸರ್ಕಾರಿ ಸೀಟು ಸಿಗುವ ಅಂಕ ಅದಕ್ಕಿಂತ ಬಹಳ ಮೇಲಿರುತ್ತದೆ. ಕ್ವಾಲಿಫೈ ಆದ ಸುದ್ದಿ ಕೇಳಿದೊಡನೆ ‘ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀವಿ’ ಎಂದು ಫೋನ್ ಮಾಡುವವರಿಗೆ ಮುಂಗಡ ಕೊಡಬೇಡಿ. ಎಂಬಿಬಿಎಸ್ ಸೀಟು, ಖಾಸಗಿಯದ್ದಾದರೂ, ನೀಟ್ ರ‍್ಯಾಂಕ್ ಆಧಾರದಲ್ಲಿ ಅಧಿಕೃತ ಕೌನ್ಸೆಲಿಂಗ್‌ನಲ್ಲೇ ಹಂಚಿಕೆಯಾಗುತ್ತದೆ.

ಏಳು ವರ್ಷದ ನಿಯಮ

ರಾಜ್ಯದ ಕೋಟಾದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಹೆಚ್ಚಿನ ಕುಟುಂಬಗಳಿಗೆ ಅನ್ವಯಿಸುವ ನಿಯಮ ಇದು: 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲೊಂದನ್ನಾದರೂ ಕರ್ನಾಟಕದಲ್ಲೇ ಪಾಸು ಮಾಡಿರಬೇಕು. ಏಳು ವರ್ಷ ಸತತವಾಗಿರಬೇಕೆಂದೇನಿಲ್ಲ.

ಹತ್ತನೇ ತರಗತಿವರೆಗೆ ಇಲ್ಲೇ ಓದಿ ಕೋಚಿಂಗ್‌ಗಾಗಿ ಹೈದರಾಬಾದ್ ಅಥವಾ ಕೋಟಾ ನಗರದ ಕಡೆ 12ನೇ ತರಗತಿ ಮುಗಿಸಿದ ಮಗುವೂ ಈ ನಿಯಮದಡಿ ಅರ್ಹ. ತಂದೆಯ ಕೆಲಸದಿಂದ ಹೊರ ರಾಜ್ಯದಲ್ಲಿ ಓದಿ ಎಂಟನೇ ತರಗತಿಗೆ ಊರಿಗೆ ಬಂದ ಮಗುವಿಗೆ ಪಿಯುಸಿ ಮುಗಿಯುವಾಗ ಐದೇ ವರ್ಷ ಆಗಿರುತ್ತದೆ. ಅಂಥವರು ಸೈನಿಕರ ಮಕ್ಕಳು, ಕೇಂದ್ರ ಸರ್ಕಾರಿ ನೌಕರರ ಮಕ್ಕಳು, ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಇರುವ ಬೇರೆ ಅರ್ಹತಾ ಕಲಂಗಳನ್ನು ನೋಡಬೇಕು. ಕಾಸರಗೋಡು, ಮಂಜೇಶ್ವರ, ಜತ್, ಅಕ್ಕಲಕೋಟೆ ಕಡೆಯ ಕನ್ನಡ ಮಕ್ಕಳಿಗೆ ಅವಕಾಶವಿರುವುದು ಇಂಥ ಕಲಮಿನಡಿಯಲ್ಲೇ.

ಗ್ರಾಮೀಣ ಮೀಸಲು: ಮನೆ ಎಲ್ಲಿದೆ ಎಂಬುದಲ್ಲ, ಶಾಲೆ ಎಲ್ಲಿತ್ತು ಎಂಬುದು

ನಮ್ಮ ಮೂರು ತಾಲ್ಲೂಕುಗಳ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನ ಕೊಡಬಲ್ಲದ್ದು, ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾಗಿರುವುದೂ ಇದೇ. ರಾಜ್ಯ ಕೋಟಾದ ಪ್ರತಿ ಪ್ರವರ್ಗದ ಒಳಗೂ ಶೇ 15 ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. ಅದಕ್ಕೆ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಒಂಬತ್ತು ವರ್ಷ ಸಾಲದು.

ಗ್ರಾಮೀಣ ಎಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಹೊರಗಿನ ಪ್ರದೇಶ. ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ. ಈ ಮೂರೂ ಊರುಗಳ ಒಳಗಿನ ಶಾಲೆಗಳು ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಹುಳಿಯಾರು ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿ ಮೇಲೇರಿದ ಊರು. ಅಲ್ಲಿ ಓದಿದ, ಓದುತ್ತಿರುವ ಮಕ್ಕಳ ಪೋಷಕರು ತಮ್ಮ ಮಗುವಿನ ಯಾವ ಯಾವ ವರ್ಷ ಹೇಗೆ ಪರಿಗಣನೆಯಾಗುತ್ತದೆ ಎಂದು ಚಿಕ್ಕನಾಯಕನಹಳ್ಳಿ ಬಿಇಒ ಕಚೇರಿಯಲ್ಲಿ ಈಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮನೆ ತೋಟದಲ್ಲಿದ್ದರೂ ಮಗು ದಿನಾ ಶಾಲಾ ಬಸ್ಸಿನಲ್ಲಿ ತಿಪಟೂರಿನ ಶಾಲೆಗೆ ಹೋಗಿದ್ದರೆ ಗ್ರಾಮೀಣ ಮೀಸಲು ಇಲ್ಲ. ಪಿಯುಸಿಗೆ ತುಮಕೂರು, ಮೂಡುಬಿದಿರೆ, ಬೆಂಗಳೂರು ಎಲ್ಲಿಗೆ ಹೋದರೂ ಈ ಮೀಸಲಿಗೆ ತೊಂದರೆಯಿಲ್ಲ, ಏಕೆಂದರೆ ಲೆಕ್ಕ ಹತ್ತನೇ ತರಗತಿಗೇ ನಿಲ್ಲುತ್ತದೆ. ಹಳ್ಳಿಯ ಶಾಲೆ ಖಾಸಗಿಯದ್ದೋ ಇಂಗ್ಲಿಷ್ ಮಾಧ್ಯಮದ್ದೋ ಆಗಿದ್ದರೂ, ಮಾನ್ಯತೆ ಪಡೆದಿದ್ದರೆ ಸಾಕು.

ಇದಕ್ಕೆ ಶಾಲಾ ಮುಖ್ಯಸ್ಥರು ಕೊಟ್ಟು ಬಿಇಒ ಮೇಲುರುಜು ಹಾಕಿದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯದ್ದೂ ಬೇಕು. ಸಾಮಾನ್ಯ ವರ್ಗದವರು ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನೂ ಇದರ ಜೊತೆ ಕೊಡಬೇಕು. ಬಹಳ ಜನ ಈ ಎರಡನೆಯದನ್ನು ಮರೆಯುತ್ತಾರೆ.

ಕನ್ನಡ ಮಾಧ್ಯಮದ ಬಲ

1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತಿ ಪ್ರವರ್ಗದೊಳಗೆ ಶೇ 5 ಮೀಸಲು ಇದೆ. ಶಾಲೆ ಹಳ್ಳಿಯಲ್ಲಿದ್ದರೂ ಪಟ್ಟಣದಲ್ಲಿದ್ದರೂ ಇದು ಸಿಗುತ್ತದೆ. ಇಲ್ಲೂ ಬಿಇಒ ಮೇಲುರುಜು ಇರುವ ಪ್ರಮಾಣಪತ್ರ ಬೇಕು. ಎಚ್ಚರ ವಹಿಸಬೇಕಾದ ಒಂದು ಸಂಗತಿ ಇದೆ. ಈಚಿನ ವರ್ಷಗಳಲ್ಲಿ ಅನೇಕ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಸರ್ಕಾರಿ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಕನ್ನಡ ಮಾಧ್ಯಮ ಎಂದಾಗದು. ಮಗುವಿನ ದಾಖಲೆಯಲ್ಲಿ ಮಾಧ್ಯಮ ಏನೆಂದು ನಮೂದಾಗಿದೆ ನೋಡಿಕೊಳ್ಳಿ.

ಮೂರು ಮಕ್ಕಳನ್ನು ಮುಂದಿಟ್ಟು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ದಂಡಿನಶಿವರ ಹೋಬಳಿಯ ಹಳ್ಳಿಯಲ್ಲಿ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲು ಕೇಳುವ ಹಕ್ಕಿದೆ. ಕಂದಿಕೆರೆ ಹೋಬಳಿಯ ಹಳ್ಳಿಯಲ್ಲಿ ಏಳನೇ ತರಗತಿವರೆಗೆ ಓದಿ, ಎಂಟರಿಂದ ಚಿಕ್ಕನಾಯಕನಹಳ್ಳಿ ಪಟ್ಟಣದ ಕನ್ನಡ ಮಾಧ್ಯಮ ಪ್ರೌಢಶಾಲೆ ಸೇರಿದ ಹುಡುಗನಿಗೆ ಕನ್ನಡ ಮಾಧ್ಯಮ ಮಾತ್ರ. ನೊಣವಿನಕೆರೆ ಹೋಬಳಿಯ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹತ್ತು ವರ್ಷ ಓದಿದವಳಿಗೆ ಗ್ರಾಮೀಣ ಮಾತ್ರ. ಮೂವರಿಗೂ ಏಳು ವರ್ಷದ ನಿಯಮದ ತೊಂದರೆಯಿಲ್ಲ.

ಕೆಇಎ ಕಟ್‌ಆಫ್ ಪಟ್ಟಿಯಲ್ಲಿ ಇವೆಲ್ಲ ಸಂಕೇತಗಳಾಗಿ ಕಾಣುತ್ತವೆ. ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಆರ್ ಎಂದರೆ ಅದರ ಗ್ರಾಮೀಣ, ಜಿಎಂಕೆ ಎಂದರೆ ಅದರ ಕನ್ನಡ ಮಾಧ್ಯಮ. ಹಾಗೆಯೇ 2ಎಜಿ, 2ಎಆರ್, 2ಎಕೆ. 3ಎ, 3ಬಿಗಳಿಗೂ ಇದೇ ಕ್ರಮ. ಹಿಂದಿನ ವರ್ಷದ ಪಟ್ಟಿಯಲ್ಲಿ ನಿಮ್ಮ ಮಗುವಿಗೆ ಅನ್ವಯಿಸುವ ಎಲ್ಲ ಸಂಕೇತಗಳ ಸಾಲನ್ನೂ ನೋಡಿ. ಜಿಎಂ ಸಾಲೊಂದನ್ನೇ ನೋಡಿ ‘ನಮಗೆಲ್ಲಿ ಸಿಗುತ್ತೆ’ ಎಂದು ಕೈಚೆಲ್ಲಬೇಡಿ.

ಜಾತಿ, ಆದಾಯ: ರಾಜ್ಯದ ಪತ್ರ ಬೇರೆ, ಕೇಂದ್ರದ ಪತ್ರ ಬೇರೆ

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಕೆಇಎ ಅರ್ಜಿಯಲ್ಲಿ ಕೇಳುವುದು ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು. 2ಎ, 2ಬಿ, 3ಎ, 3ಬಿ ಪ್ರವರ್ಗಗಳ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ. ಹೈಸ್ಕೂಲಿಗೆಂದು ಮಾಡಿಸಿದ ಪತ್ರ ಕೌನ್ಸೆಲಿಂಗ್ ಹೊತ್ತಿಗೆ ಅವಧಿ ಮುಗಿಸಿರಬಹುದು.

ಸರ್ಕಾರಿ ಕಾಲೇಜುಗಳ ಶೇ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿದ್ದು, ಅವನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ಹಂಚುತ್ತದೆ. ಅಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲುಗಳಿಲ್ಲ. ಒಬಿಸಿ ಮೀಸಲು ಇದೆ, ಆದರೆ ಅದಕ್ಕೆ ಕೇಂದ್ರ ನಮೂನೆಯ ಪ್ರಮಾಣಪತ್ರವೇ ಬೇಕು. ರಾಜ್ಯದ ಹಿಂದುಳಿದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಹೆಸರು ಅಲ್ಲಿದೆಯೇ ಎಂದು ನೋಡಿ, ಇದ್ದರೆ ಆ ಆರ್ಥಿಕ ವರ್ಷದ ಪತ್ರ ಮಾಡಿಸಿ. ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಿಗೆ ಅರ್ಹರೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬಹುದು.

ಕೃಷಿಕರ ಕೋಟಾ ಎಂಬಿಬಿಎಸ್‌ಗೆ ಇಲ್ಲ

‘ತೋಟ ಇದೆಯಲ್ಲ, ಕೃಷಿಕರ ಕೋಟಾದಲ್ಲಿ ಸಿಗಲ್ವಾ?’ ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕೃಷಿಕರ ಕೋಟಾ ಇರುವುದು ಬಿ.ಎಸ್ಸಿ. ಕೃಷಿ, ಪಶುವೈದ್ಯಕೀಯದಂಥ ಕೋರ್ಸ್‌ಗಳಿಗೆ, ಸಿಇಟಿ ಮೂಲಕ. ಎಂಬಿಬಿಎಸ್‌ಗೆ ಅದು ಅನ್ವಯಿಸುವುದಿಲ್ಲ. ಆದರೆ ಈ ಕಾರಣಕ್ಕೇ ಜೀವಶಾಸ್ತ್ರ ಓದಿದ ರೈತರ ಮಕ್ಕಳು ನೀಟ್ ಜೊತೆ ಸಿಇಟಿಯನ್ನೂ ತಪ್ಪದೆ ಬರೆಯಬೇಕು. ಪಶುವೈದ್ಯಕೀಯ, ಕೃಷಿ, ತೋಟಗಾರಿಕೆ, ಬಿ.ಎಸ್ಸಿ. ನರ್ಸಿಂಗ್ ಎಲ್ಲಕ್ಕೂ ಅದೇ ಬಾಗಿಲು. ಆಯುರ್ವೇದ, ಹೋಮಿಯೋಪಥಿ, ದಂತವೈದ್ಯಕೀಯಕ್ಕೆ ನೀಟ್ ಅಂಕವೇ ಆಧಾರ.

ಯಾವ ಕಾಲೇಜು, ಯಾರ ಕೈಯಲ್ಲಿ, ಎಷ್ಟು ಖರ್ಚು

ತಿಪಟೂರು ಕಡೆಯವರಿಗೆ ಹತ್ತಿರದ ಸರ್ಕಾರಿ ಕಾಲೇಜೆಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಚಿತ್ರದುರ್ಗ, ಚಿಕ್ಕಮಗಳೂರು, ಮಂಡ್ಯ, ಶಿವಮೊಗ್ಗಗಳಲ್ಲೂ ಸರ್ಕಾರಿ ಕಾಲೇಜುಗಳಿವೆ. ತುಮಕೂರಿನ ಶ್ರೀದೇವಿ ವೈದ್ಯಕೀಯ ಕಾಲೇಜಿನ ಸೀಟುಗಳು ಕೆಇಎ ಮೂಲಕ ಸಿಗುತ್ತವೆ. ತುರುವೇಕೆರೆಯವರಿಗೆ ಹತ್ತಿರವಾಗುವ ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜೂ ಹಾಗೆಯೇ. ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಅಲ್ಲಿಯ ಸೀಟುಗಳನ್ನು ಹಂಚುವುದು ಎಂಸಿಸಿ. ಮನೆಗೆ ಹತ್ತಿರದ ಕಾಲೇಜು ಕೆಇಎ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಗಾಬರಿಯಾಗುವ ಮುನ್ನ ಇದನ್ನು ನೆನಪಿಡಿ.

ಖಾಸಗಿ ಕಾಲೇಜಿನ ಒಳಗೂ ಸೀಟು ಒಂದೇ ಬಗೆಯದಲ್ಲ. ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಮತ್ತು ಇತರೆ ಎಂದು ಭಾಗಗಳಿವೆ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಒಂದು ಲಕ್ಷ ರೂಪಾಯಿಯೊಳಗೆ ಮುಗಿಯುತ್ತದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು, ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಹತ್ತು ಲಕ್ಷದ ಆಸುಪಾಸು ಅಥವಾ ಅದಕ್ಕೂ ಮೇಲೆ. 2025ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ದರದಲ್ಲಿ ಹತ್ತು ಲಕ್ಷ ಎಂದರೆ ಸುಮಾರು 83 ಕ್ವಿಂಟಲ್ ಕೊಬ್ಬರಿ, ಅದೂ ಒಂದು ವರ್ಷದ ಬೋಧನಾ ಶುಲ್ಕಕ್ಕೆ ಮಾತ್ರ. ಕೊಬ್ಬರಿಗೆ ದರ ಏರಿದ ವರ್ಷದ ಧೈರ್ಯದಲ್ಲಿ ಕೌನ್ಸೆಲಿಂಗ್‌ನಲ್ಲಿ ಇಂಥ ಕಾಲೇಜಿಗೆ ಆಪ್ಷನ್ ಒತ್ತಿ, ದರ ಇಳಿದ ವರ್ಷ ತೋಟ ಅಡವಿಡುವ ಸ್ಥಿತಿ ಯಾವ ಮನೆಗೂ ಬರಬಾರದು. ಒಂದು ವರ್ಷದ್ದಲ್ಲ, ಇಡೀ ಕೋರ್ಸಿನ ಶುಲ್ಕ, ಹಾಸ್ಟೆಲ್, ಪುಸ್ತಕದ ಖರ್ಚು ಕೂಡಿಸಿ ನೋಡಿದ ಮೇಲೆಯೇ ಆ ಕಾಲೇಜಿನ ಹೆಸರು ಆಪ್ಷನ್ ಪಟ್ಟಿಯಲ್ಲಿರಲಿ.

ಬ್ಯಾಂಕ್ ಶಿಕ್ಷಣ ಸಾಲಕ್ಕೆ ಸಾಲ ಖಾತರಿ ಯೋಜನೆಯಡಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲ ಯೋಜನೆಗಳಿವೆ. ಶುಲ್ಕ ಮರುಪಾವತಿ, ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಹೊರದೇಶದ ದಾರಿ

ಇಲ್ಲಿ ಸೀಟು ಸಿಗದವರು ಹೊರದೇಶದತ್ತ ನೋಡುವುದು ಸಹಜ. ಹೊರಡುವ ಮುನ್ನ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ತಂದ ನಿಯಮ ತಿಳಿದಿರಲಿ. ಅಲ್ಲಿ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್‌ನಲ್ಲಿ ಬೋಧನೆಯಾಗಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಓದಿದವರಿಗೆ ಆ ದೇಶದಲ್ಲೇ ವೈದ್ಯ ವೃತ್ತಿಗೆ ನೋಂದಣಿ ಸಿಗುವಂತಿರಬೇಕು. ಊರಿಗೆ ಮರಳಿದ ಮೇಲೆ ಇಲ್ಲೂ ಅರ್ಹತಾ ಪರೀಕ್ಷೆ, ಇಂಟರ್ನ್‌ಶಿಪ್ ಇವೆ. ನೀಟ್ ಅರ್ಹತೆ ಹೊರದೇಶಕ್ಕೂ ಕಡ್ಡಾಯ, ಒಮ್ಮೆ ಪಡೆದದ್ದು ಇದಕ್ಕೆ ಮೂರು ವರ್ಷ ಸಲ್ಲುತ್ತದೆ.

ಕ್ರೆಡಿಟ್ ವಿಚಾರ ನಮ್ಮ ಮಕ್ಕಳಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಫಿಲಿಪ್ಪೀನ್ಸ್‌ನಲ್ಲಿ. ಅಲ್ಲಿ ಮೊದಲು ಬಿ.ಎಸ್. ಎಂಬ ಪೂರ್ವಪದವಿ, ನಂತರ ನಾಲ್ಕು ವರ್ಷದ ಎಂ.ಡಿ. ಪೂರ್ವಪದವಿಯ ಅವಧಿಯನ್ನು ವೈದ್ಯಕೀಯ ಓದೆಂದು ಪರಿಗಣಿಸಲು ನಮ್ಮ ವೈದ್ಯಕೀಯ ಆಯೋಗ ಒಪ್ಪಲಿಲ್ಲ. ಉಳಿದ 48 ತಿಂಗಳು 54ಕ್ಕೆ ಸಾಲಲಿಲ್ಲ. ಏಜೆಂಟರು ‘ಒಟ್ಟು ಆರು ವರ್ಷದ ಕೋರ್ಸ್’ ಎಂದಾಗ ಅದರಲ್ಲಿ ಶುದ್ಧ ವೈದ್ಯಕೀಯ ಓದು ಎಷ್ಟು ತಿಂಗಳು ಎಂದು ಬರಹದಲ್ಲಿ ಕೇಳಿ.

ಹೆಸರಿನ ಒಂದಕ್ಷರ, ಎರಡು ಅರ್ಜಿಗಳು

ಕೊನೆಯದಾಗಿ ಸಣ್ಣದೆನಿಸುವ ಆದರೆ ಬಹಳ ಕಾಡುವ ಎರಡು ಸಂಗತಿ. ಮೊದಲನೆಯದು ಹೆಸರು. ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಜಾತಿ ಪತ್ರದಲ್ಲಿ ಇನ್ನೊಂದು ಬಗೆಯ ಕಾಗುಣಿತ. ಎಲ್ಲವೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದುವಂತೆ ಪಿಯುಸಿ ಮೊದಲ ವರ್ಷದಲ್ಲೇ ಸರಿಪಡಿಸಿಕೊಳ್ಳಿ. ಎರಡನೆಯದು, ನೀಟ್ ಅರ್ಜಿ ಬೇರೆ, ಕೆಇಎ ಅರ್ಜಿ ಬೇರೆ. ನೀಟ್ ಬರೆದ ಮಾತ್ರಕ್ಕೆ ರಾಜ್ಯ ಕೋಟಾದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಕೆಇಎಯಲ್ಲಿ ನೋಂದಾಯಿಸಿ, ಮೀಸಲುಗಳನ್ನು ಅರ್ಜಿಯಲ್ಲೇ ಕೇಳಿ, ದಾಖಲೆ ಪರಿಶೀಲನೆ ಮುಗಿಸಿ, ನೀಟ್ ಕ್ರಮಸಂಖ್ಯೆ ನಮೂದಿಸಬೇಕು. ಅರ್ಜಿಯಲ್ಲಿ ಕೇಳದ ಮೀಸಲನ್ನು ಆಮೇಲೆ ಕೊಡಿ ಎಂದರೆ ನಡೆಯುವುದಿಲ್ಲ.

ತರಗತಿವಾರು ಮಾಡಬೇಕಾದ್ದು

• 5ರಿಂದ 8ನೇ ತರಗತಿ: ಶಾಲೆ ಅಥವಾ ಮಾಧ್ಯಮ ಬದಲಿಸುವ ಮುನ್ನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಿನ ಲೆಕ್ಕ ಹಾಕಿ. ಒಳ್ಳೆಯ ಕಲಿಕೆಗಾಗಿ ಬದಲಿಸಬೇಕಾದರೆ ಬದಲಿಸಿ, ಆದರೆ ಬಿಡುವುದೇನೆಂದು ತಿಳಿದು ಬಿಡಿ.

• 10ನೇ ತರಗತಿ ಮುಗಿದ ಬೇಸಿಗೆ: ಓದಿದ ಎಲ್ಲ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಬಿಇಒ ಮೇಲುರುಜು ಹಾಕಿಸಿ. ಮುಚ್ಚಿದ ಅಥವಾ ವಿಲೀನವಾದ ಶಾಲೆಯ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಪತ್ತೆ ಮಾಡಿ.

• ಪ್ರಥಮ ಪಿಯುಸಿ: ಜೀವಶಾಸ್ತ್ರ ಇರುವ ಕಾಂಬಿನೇಷನ್ ಆರಿಸಿ. ಹೆಸರು, ಜನ್ಮದಿನಾಂಕದ ವ್ಯತ್ಯಾಸ ಸರಿಪಡಿಸಿ.

• ದ್ವಿತೀಯ ಪಿಯುಸಿ: ಜಾತಿ, ಆದಾಯ ಪತ್ರ ನವೀಕರಿಸಿ. ನೀಟ್, ಸಿಇಟಿ, ಕೆಇಎ ಅರ್ಜಿಗಳ ದಿನಾಂಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

• ಫಲಿತಾಂಶದ ನಂತರ: ಆ ವರ್ಷದ ಕೆಇಎ, ಎಂಸಿಸಿ ಕೈಪಿಡಿಗಳನ್ನು ಪೂರ್ತಿ ಓದಿ. ಸುತ್ತುಗಳ ನಿಯಮ, ಠೇವಣಿ, ಸೀಟು ಬಿಟ್ಟರೆ ತೆರಬೇಕಾದ ದಂಡ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳಿಗಾಗಿಯೇ ಸರ್ಕಾರ ಈ ಸೀಟುಗಳನ್ನು ಎತ್ತಿಟ್ಟಿದೆ. ಅವು ದಾನವಲ್ಲ, ಹಕ್ಕು. ಮಾಹಿತಿ ಇಲ್ಲದೆ, ಒಂದು ಸಹಿ ಇಲ್ಲದೆ ಅವು ಕೈತಪ್ಪಬಾರದು. ನಿಮ್ಮ ಬೀದಿಯಲ್ಲಿ ಡಾಕ್ಟರಾಗುವ ಆಸೆಯ ಮಗುವೊಂದಿದ್ದರೆ, ಆ ಮನೆಯವರಿಗೆ ಈ ನಿಯಮಗಳನ್ನು ಇಂದೇ ತಿಳಿಸಿ. ಈ ವರ್ಷವೇ ಶಾಲೆಗೂ ಬಿಇಒ ಕಚೇರಿಗೂ ಹೋಗಿ ಬರಲು ಹೇಳಿ.